ವ್ಯಾಕರಣ ಸಮ್ಮೇಳನಕ್ಕೆ ಸಿಂಧನೂರಿನಿಂದ ಏನು ಒಯ್ಯಬೇಕು?

ಪ್ರಶ್ನೆ: ನಾನು ಸಿಂಧನೂರಿನ ಪದವಿ ಕಾಲೇಜೊಂದರಲ್ಲಿ ಕನ್ನಡ ಅತಿಥಿ ಉಪನ್ಯಾಸಕಿ. ವ್ಯಾಕರಣ ಸಿದ್ಧಾಂತ ಮತ್ತು ಭಾಷಾ ವೈವಿಧ್ಯ ಕುರಿತ ಅಂತರರಾಷ್ಟ್ರೀಯ ಸಮ್ಮೇಳನವೊಂದಕ್ಕೆ ಪ್ರಬಂಧಗಳನ್ನು ಆಹ್ವಾನಿಸಿರುವ ಪ್ರಕಟಣೆ ನೋಡಿದೆ. ನಮ್ಮ ತಾಲ್ಲೂಕಿನಲ್ಲಿ ಕನ್ನಡ, ತೆಲುಗು, ದಖನಿ ಉರ್ದು, ಲಂಬಾಣಿ, ಕೆಲವು ಕ್ಯಾಂಪುಗಳಲ್ಲಿ ಬಂಗಾಳಿ ಕೂಡ ಇದೆ. ‘ರಾಯಚೂರು ಜಿಲ್ಲೆಯ ಭಾಷಾ ವೈವಿಧ್ಯ: ಒಂದು ಅವಲೋಕನ’ ಎಂಬ ಪ್ರಬಂಧ ಕಳುಹಿಸಬಹುದೇ? ಕೇಶಿರಾಜನ ಸೂತ್ರಗಳನ್ನು ಪಾಠ ಮಾಡಿದ್ದೇನೆ, ವಾಕ್ಯದ ರಚನೆಯನ್ನು ಕವಲು ಕವಲಾಗಿ ತೋರಿಸುವ ‘ಮರ’ ಬಿಡಿಸಲು ಬರುವುದಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೆ. ‘ಅದೆಲ್ಲ ಯಾಕೆ, ಹಣ ಕಟ್ಟಿದರೆ ಎರಡೇ ದಿನಕ್ಕೆ ಪ್ರಮಾಣಪತ್ರ ಕೊಡುವ ಸಮ್ಮೇಳನಗಳಿವೆ’ ಎನ್ನುತ್ತಾರೆ ಸಹೋದ್ಯೋಗಿಯೊಬ್ಬರು. ಏನು ಮಾಡಲಿ?

ಉತ್ತರ: ಪ್ರಬಂಧ ಕಳುಹಿಸಿ. ಆದರೆ ಆ ಶೀರ್ಷಿಕೆಯನ್ನು ಮೊದಲು ಅಳಿಸಿಬಿಡಿ. ‘ಒಂದು ಅವಲೋಕನ’ ಎಂದು ಮುಗಿಯುವ ಪ್ರಬಂಧಕ್ಕೆ ನಮ್ಮ ವಿಚಾರ ಸಂಕಿರಣಗಳಲ್ಲಿ ಶಾಲು, ಹಾರ, ಸ್ಮರಣಿಕೆ ಎಲ್ಲವೂ ದಕ್ಕುತ್ತವೆ. ನೀವು ಹೇಳುವಂಥ ಸಮ್ಮೇಳನದಲ್ಲಿ ಪರಿಶೀಲಕರು ಅದನ್ನು ಶೀರ್ಷಿಕೆ ನೋಡಿಯೇ ಪಕ್ಕಕ್ಕಿಡುತ್ತಾರೆ. ಅವರಿಗೆ ಸೊಕ್ಕು ಎಂದುಕೊಳ್ಳಬೇಡಿ, ಅಲ್ಲಿ ಕೇಳುವ ಪ್ರಶ್ನೆಯೇ ಬೇರೆ.

ಒಂದು ಊರಿನ ಮಾತು ಇನ್ನೊಂದು ಊರಿನಂತಿಲ್ಲ ಎಂಬುದನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಹೇಳಿ ಮುಗಿಸಿದೆ. ಕನ್ನಡದೊಳಗಿನ ದೇಸಿಗಳು ಎಷ್ಟು ಬೇರೆ ಬೇರೆಯೆಂದರೆ ವಾಸುಕಿಗೂ ಬೇಸರವಾದೀತು ಎನ್ನುತ್ತದೆ ಅದು. ಅದೇ ಕೃತಿ ಕನ್ನಡದ ತಿರುಳು ಎಲ್ಲಿದೆ ಎಂದು ಗುರುತು ಹಾಕುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣ ನಗರವನ್ನು ಹೆಸರಿಸುತ್ತದೆ. ಕೊಪಣವೆಂದರೆ ನಿಮ್ಮ ನೆರೆಯ ಕೊಪ್ಪಳ. ನಿಮ್ಮ ಭಾಗದ ಕನ್ನಡವನ್ನು ಅಶುದ್ಧವೆನ್ನುವವರು ಸಿಕ್ಕಾಗ ಇದನ್ನು ನೆನಪಿಸಲು ಅಡ್ಡಿಯಿಲ್ಲ. ವ್ಯಾಕರಣ ಸಿದ್ಧಾಂತದವರಿಗೆ ವೈವಿಧ್ಯದ ಪಟ್ಟಿ ಬೇಕಿಲ್ಲ. ಆ ವೈವಿಧ್ಯ ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೆ, ಯಾವ ಬಗೆಯ ವಾಕ್ಯ ಯಾವ ಭಾಷೆಯಲ್ಲೂ ಹುಟ್ಟುವುದಿಲ್ಲ, ಎರಡು ರಚನೆಗಳು ಸದಾ ಜೊತೆಜೊತೆಯಾಗಿಯೇ ಏಕೆ ಬರುತ್ತವೆ ಎನ್ನುವುದು ಅವರ ಕುತೂಹಲ.

ಈ ಕುತೂಹಲಕ್ಕೆ ಎರಡು ಕವಲುಗಳಿವೆ. ಒಂದು ಟೈಪಾಲಜಿ, ಅಂದರೆ ಹಲವು ಭಾಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವವರ ದಾರಿ. ಅದಕ್ಕೆ ಬುನಾದಿ ಬಿದ್ದದ್ದೇ ಒಂದು ಸಮ್ಮೇಳನದಲ್ಲಿ. 1961ರಲ್ಲಿ ನ್ಯೂಯಾರ್ಕ್ ರಾಜ್ಯದ ಡಾಬ್ಸ್ ಫೆರಿ ಎಂಬ ಊರಿನಲ್ಲಿ ಭಾಷಾ ಸಾರ್ವತ್ರಿಕಗಳ, ಅಂದರೆ ಎಲ್ಲ ಭಾಷೆಗಳಿಗೂ ಸಾಮಾನ್ಯವಾದ ಗುಣಗಳ ಬಗ್ಗೆ ವಿದ್ವಾಂಸರು ಸೇರಿದ್ದರು. ಅಲ್ಲಿ ಜೋಸೆಫ್ ಗ್ರೀನ್‌ಬರ್ಗ್ 30 ಭಾಷೆಗಳನ್ನು ಆಧಾರವಾಗಿಟ್ಟುಕೊಂಡು ಮಂಡಿಸಿದ 45 ಸಾಮಾನ್ಯ ನಿಯಮಗಳು 1963ರಲ್ಲಿ ಅಚ್ಚಾದವು. ಆ ಮೂವತ್ತರಲ್ಲಿ ಕನ್ನಡವೂ ಒಂದು. ಕರ್ತೃ, ಕರ್ಮ, ಕ್ರಿಯಾಪದ ಎಂಬ ಅನುಕ್ರಮ ಸಹಜವಾಗಿರುವ ಭಾಷೆಗಳಲ್ಲಿ ‘ಮನೆಯ ಮೇಲೆ’, ‘ಊರಿನ ತನಕ’ ಎಂಬಂತೆ ಸಂಬಂಧಸೂಚಕಗಳು ನಾಮಪದದ ನಂತರ ಬರುವುದೇ ತೀರಾ ಹೆಚ್ಚು ಎಂಬ ನಿಯಮ ಅಲ್ಲಿಯದು. ಪದದ ಅನುಕ್ರಮಕ್ಕೂ ‘ಮೇಲೆ’ ಎಂಬುದು ಎಲ್ಲಿ ಕೂರುತ್ತದೆ ಎಂಬುದಕ್ಕೂ ಎತ್ತಣಿಂದೆತ್ತ ಸಂಬಂಧ? ಇಂಥ ಪ್ರಶ್ನೆಗಳನ್ನು ಇಟ್ಟುಕೊಂಡು ಇವತ್ತಿಗೂ ಸಮ್ಮೇಳನಗಳು ನಡೆಯುತ್ತಿವೆ. ಕನ್ನಡಿಗರಾದ ಡಿ.ಎನ್. ಶಂಕರ ಭಟ್ಟರು ಈ ದಾರಿಯಲ್ಲಿ ಜಗತ್ತೇ ಓದುವಂಥ ಕೆಲಸ ಮಾಡಿದವರು. ಕೆಲವು ಭಾಷೆಗಳಲ್ಲಿ ಕಾಲ, ಕೆಲವುಗಳಲ್ಲಿ ಕ್ರಿಯೆಯ ಸ್ಥಿತಿ (ಮುಗಿದಿದೆಯೋ ನಡೆಯುತ್ತಿದೆಯೋ ಎಂಬುದು), ಮತ್ತೆ ಕೆಲವುಗಳಲ್ಲಿ ಮಾತನಾಡುವವರ ಭಾವ (ಖಚಿತವೋ ಸಂಭವವೋ ಎಂಬ ಧೋರಣೆ) ಪ್ರಧಾನವಾಗಿ ಇಡೀ ವ್ಯಾಕರಣವೇ ಅದರ ಸುತ್ತ ಹೊಂದಿಕೊಳ್ಳುತ್ತದೆ ಎಂದು ಅವರು 1999ರ ಇಂಗ್ಲಿಷ್ ಕೃತಿಯಲ್ಲಿ ವಾದಿಸಿದರು. ಅವರನ್ನು ಕರ್ನಾಟಕದಲ್ಲಿ ಕನ್ನಡಕ್ಕೆ ಮಹಾಪ್ರಾಣ ಅಕ್ಷರಗಳು ಬೇಕೇ ಬೇಡವೇ ಎಂಬ ಜಗಳಕ್ಕಷ್ಟೇ ನೆನೆಯುವುದು ನಮ್ಮ ದುರದೃಷ್ಟ.

ಇನ್ನೊಂದು ಕವಲು ನೋಮ್ ಚಾಮ್‌ಸ್ಕಿ ಅವರ ಹಾದಿಯದು. ಮಗು ಯಾವ ಭಾಷೆಯನ್ನಾದರೂ ಕಲಿಯಬಲ್ಲದು, ಆದ್ದರಿಂದ ಎಲ್ಲ ವ್ಯಾಕರಣಗಳ ಕೆಳಗೆ ಮನುಷ್ಯನ ಮನಸ್ಸಿಗೆ ಸಹಜವಾದ ಒಂದು ಚೌಕಟ್ಟು ಇರಲೇಬೇಕು ಎಂಬುದು ಇವರ ನಿಲುವು. ಇವರ ಬರವಣಿಗೆ ಮರಗಳಿಂದ ತುಂಬಿರುತ್ತದೆ. ನೋಡಿದರೆ ಹೆದರಿಕೆಯಾಗುತ್ತದೆ, ಆದರೆ ಅವು ಹೇಳುವ ಮಾತು ಸರಳ. ಕನ್ನಡದ್ದೇ ಒಂದು ಉದಾಹರಣೆ ಕೊಡುತ್ತೇನೆ. ಈ ಕ್ಷೇತ್ರದವರಿಗೆ ನಮ್ಮ ಭಾಷೆ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

‘ಹುಡುಗ ಎರಡು ಪುಸ್ತಕ ಓದಲಿಲ್ಲ.’ ಈ ವಾಕ್ಯಕ್ಕೆ ಎರಡು ಅರ್ಥಗಳಿವೆ. ಓದದೆ ಬಿಟ್ಟ ಪುಸ್ತಕಗಳು ಎರಡು ಇವೆ ಎಂಬುದು ಒಂದು. ಓದಿದ್ದು ಎರಡಲ್ಲ, ಬಹುಶಃ ಒಂದೇ ಎಂಬುದು ಇನ್ನೊಂದು. ದೊಡ್ಡವರು ಎರಡನ್ನೂ ಒಪ್ಪುತ್ತಾರೆ. ಇಂಗ್ಲಿಷಿನಲ್ಲೂ ಹೀಗೆಯೇ. ಆದರೆ ನಾಲ್ಕು ವರ್ಷದ ಇಂಗ್ಲಿಷ್ ಮಕ್ಕಳು ಎರಡನೆಯ ಅರ್ಥವನ್ನೇ ಹಿಡಿಯುತ್ತಾರೆ. ಕಾರಣವೇನು? ಇಂಗ್ಲಿಷ್ ವಾಕ್ಯದಲ್ಲಿ ನಿಷೇಧ ಮೊದಲು ಬರುತ್ತದೆ, ಸಂಖ್ಯೆ ಆಮೇಲೆ. ಮಕ್ಕಳು ಕಿವಿಗೆ ಮೊದಲು ಬಿದ್ದದ್ದಕ್ಕೆ ಬೆಲೆ ಕೊಡುತ್ತಿರಬಹುದು. ಅಥವಾ ವಾಕ್ಯದ ರಚನೆಯಲ್ಲಿ ನಿಷೇಧ ಮೇಲಿನ ಹಂತದಲ್ಲಿದ್ದು ಕರ್ಮಪದ ಅದರ ಕೆಳಗಿರುವುದು ಕಾರಣವಿರಬಹುದು. ಇಂಗ್ಲಿಷ್ ಒಂದನ್ನೇ ಇಟ್ಟುಕೊಂಡು ಇದನ್ನು ತೀರ್ಮಾನಿಸುವುದು ಸಾಧ್ಯವೇ ಇಲ್ಲ, ಅಲ್ಲಿ ಎರಡೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಕನ್ನಡದಲ್ಲಿ ‘ಎರಡು’ ಮೊದಲು, ‘ಇಲ್ಲ’ ಕೊನೆಗೆ. ರಚನೆಯಲ್ಲಿ ಮಾತ್ರ ಮೇಲಿರುವುದು ‘ಇಲ್ಲ’ವೇ. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ ಎಂಬ ಸಂಶೋಧಕರು ಕನ್ನಡದ ಮಕ್ಕಳಿಗೂ ಇದೇ ಪರೀಕ್ಷೆ ಇಟ್ಟರು. ನಮ್ಮ ಮಕ್ಕಳು ಕೂಡ ‘ಓದಿದ್ದು ಎರಡಲ್ಲ’ ಎಂಬ ಅರ್ಥವನ್ನೇ ಹಿಡಿದರು. ಕಿವಿಗೆ ಬಿದ್ದ ಅನುಕ್ರಮ ಸೋತಿತು, ಕಣ್ಣಿಗೆ ಕಾಣದ ರಚನೆ ಗೆದ್ದಿತು. 2002ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಮರ ಬಿಡಿಸುವುದಕ್ಕಿಂತ ಮುಖ್ಯವಾದದ್ದು ಸರಿಯಾದ ಒಂದು ವಾಕ್ಯವನ್ನು ಆರಿಸಿಕೊಂಡದ್ದು.

ಈಗ ಸಿಂಧನೂರಿಗೆ ಬರೋಣ. ತುಂಗಭದ್ರಾ ಅಣೆಕಟ್ಟಿನ ಕಾಲುವೆ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಾದವು. ಅದಕ್ಕೂ ಎಷ್ಟೋ ಹಿಂದಿನಿಂದ ದಖನಿ, ಲಂಬಾಣಿ ಇವೆ. ಇಂಥ ನೆಲದಲ್ಲಿ ನಿಂತವರು ಹಳೆಯದೊಂದು ಅಧ್ಯಯನವನ್ನು ತಿಳಿದಿರಬೇಕು. ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಊರಿನ ಕನ್ನಡ, ಮರಾಠಿ, ಉರ್ದುಗಳನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಹೋಲಿಸಿ 1971ರಲ್ಲಿ ಬರೆದರು. ಶಬ್ದಗಳು ಬೇರೆ ಬೇರೆಯಾಗಿಯೇ ಉಳಿದಿದ್ದರೂ ವಾಕ್ಯದ ಕಟ್ಟು ಮೂರರಲ್ಲೂ ಒಂದೇ ಆಗುತ್ತ ಬಂದಿದೆ, ಒಂದು ಭಾಷೆಯ ವಾಕ್ಯವನ್ನು ಪ್ರತ್ಯಯಕ್ಕೆ ಪ್ರತ್ಯಯ ಎಂಬಂತೆ ಇನ್ನೊಂದಕ್ಕೆ ಇಳಿಸಬಹುದು ಎಂದು ತೋರಿಸಿದರು. ಆದ್ದರಿಂದ ‘ನಮ್ಮಲ್ಲಿ ಭಾಷೆಗಳು ಬೆರೆತಿವೆ’ ಎಂದರೆ ಸಭೆಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ದಖನಿಯ ‘ಬೋಲ್ಕೆ’ ನಮ್ಮ ‘ಎಂದು’ವಿನ ಕೆಲಸ ಮಾಡುತ್ತದೆ, ದಖನಿಯವರು ‘ಮೈ ಖಾನಾ ಖಾಯಾ’ ಎಂದು ‘ನೇ’ ಪ್ರತ್ಯಯವನ್ನು ಬಿಟ್ಟೇ ಮಾತನಾಡುತ್ತಾರೆ ಎನ್ನುವುದೂ ಬಹಳ ಸಲ ಬರೆದಾದ ಸಂಗತಿ. ಅದನ್ನು ಮತ್ತೆ ಒಯ್ಯಬೇಡಿ.

ನಾನಾಗಿದ್ದರೆ ಏನು ಒಯ್ಯುತ್ತಿದ್ದೆ? ನಿಮ್ಮ ವಿದ್ಯಾರ್ಥಿಗಳ ಬಾಯಲ್ಲಿ ದಿನವೂ ಬರುವ ಒಂದೇ ಒಂದು ಕ್ರಿಯಾರೂಪವನ್ನು: ‘ಬಂದಾನ’.

ನಿಮ್ಮಲ್ಲಿ ‘ಅಪ್ಪ ಬಂದಾನ’ ಎಂದರೆ ಅಪ್ಪ ಬಂದಿದ್ದಾನೆ, ಒಳಗೆ ಕೂತಿದ್ದಾನೆ. ಮೈಸೂರಿನವರಿಗೆ, ಬರವಣಿಗೆಯ ಕನ್ನಡಕ್ಕೆ, ‘ಬಂದಾನು’ ಎಂದರೆ ಬಂದರೂ ಬರಬಹುದು. ಹೆಚ್ಚುಕಡಿಮೆ ಒಂದೇ ರೂಪ ಒಂದು ಕಡೆ ನಡೆದು ಮುಗಿದದ್ದನ್ನೂ ಇನ್ನೊಂದು ಕಡೆ ಬರೀ ಸಂಭವವನ್ನೂ ಹೇಳುತ್ತದೆ. ನಿಷೇಧಕ್ಕೆ ತಂದ ಕೂಡಲೇ ಎರಡೂ ಬೇರೆ ದಾರಿ ಹಿಡಿಯುತ್ತವೆ. ನಿಮ್ಮದು ‘ಬಂದಿಲ್ಲ’ ಆಗುತ್ತದೆ, ಬರವಣಿಗೆಯದು ‘ಬರಲಿಕ್ಕಿಲ್ಲ’ ಆಗುತ್ತದೆ. ಎರಡರಲ್ಲೂ ‘-ಆನ’ ಎಂಬ ಪುಲ್ಲಿಂಗದ ಗುರುತು ಮಾಯ. ಅವನು ಬಂದಿಲ್ಲ, ಅವಳು ಬಂದಿಲ್ಲ, ಅವರು ಬಂದಿಲ್ಲ. ಕ್ರಿಯಾಪದದ ಮೇಲಿರುವ ಲಿಂಗವಚನಗಳ ಮುದ್ರೆ ನಿಷೇಧದಲ್ಲಿ ಯಾಕೆ ಅಳಿಸಿಹೋಗುತ್ತದೆ ಎಂಬ ಪ್ರಶ್ನೆಯನ್ನು ಹೈದರಾಬಾದಿನಲ್ಲಿ ಪಾಠ ಮಾಡಿದ ಆರ್. ಅಮೃತವಲ್ಲಿ ಮತ್ತು ಕೆ.ಎ. ಜಯಸೀಲನ್ ಎತ್ತಿಕೊಂಡು, ದ್ರಾವಿಡ ವಾಕ್ಯವನ್ನು ಪೂರ್ಣಗೊಳಿಸುವುದು ಕಾಲವಲ್ಲ, ಭಾವ ಎಂದು 2005ರ ಲೇಖನದಲ್ಲಿ ವಾದಿಸಿದ್ದಾರೆ. ನಿಮ್ಮ ‘ಬಂದಾನ’ ಆ ವಾದಕ್ಕೆ ಬೆಂಬಲವೋ ತೊಡಕೋ? ಇದು ಸಭೆ ಕಿವಿಗೊಡುವ ಪ್ರಶ್ನೆ.

ಇನ್ನೂ ಮುಂದೆ ಹೋಗಬಹುದು. ‘ನಿನ್ನೆ’ ಎಂಬುದನ್ನು ‘ಬಂದಾನ’ದ ಪಕ್ಕಕ್ಕೆ ಇಟ್ಟು ನೋಡಿ. ಇಂಗ್ಲಿಷಿನಲ್ಲಿ ‘ಬಂದಿದ್ದಾನೆ’ ಎಂಬುದಕ್ಕೆ ಸಮನಾದ ರೂಪದೊಂದಿಗೆ ‘ನಿನ್ನೆ’ ಬರುವಂತಿಲ್ಲ, ಶಾಲೆಯಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದ ತಪ್ಪು ಅದು. ಜರ್ಮನಿನಲ್ಲಿ ಧಾರಾಳವಾಗಿ ಬರುತ್ತದೆ. ಈ ವ್ಯತ್ಯಾಸ ಎಲ್ಲಿಂದ ಹುಟ್ಟುತ್ತದೆ ಎಂಬ ಬಗ್ಗೆ ದಶಕಗಳಿಂದ ಚರ್ಚೆ ನಡೆದಿದೆ. ನಿಮ್ಮ ಊರಿನವರು ‘ನಿನ್ನೆ ಬಂದ’, ‘ನಿನ್ನೆ ಬಂದಾನ’ ಎರಡನ್ನೂ ಹೇಳುತ್ತಾರೆಯೇ? ಹೇಳಿದರೆ, ನಿನ್ನೆ ಬಂದು ಸಂಜೆಯೇ ಹೊರಟುಹೋದವನ ಬಗ್ಗೆಯೂ ಎರಡನೆಯದನ್ನು ಹೇಳುತ್ತಾರೆಯೇ, ಇನ್ನೂ ಊರಲ್ಲೇ ಇರುವವನ ಬಗ್ಗೆ ಮಾತ್ರವೇ? ತೆಲುಗಿನ ‘ವಚ್ಚಾಡು’ ಎಂಬ ಒಂದೇ ರೂಪ ‘ಬಂದ’, ‘ಬಂದಿದ್ದಾನೆ’ ಎರಡಕ್ಕೂ ನಡೆಯುತ್ತದೆ. ಹಾಗಿದ್ದರೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಕ್ಯಾಂಪಿನ ಹುಡುಗರು ‘ಬಂದ’ ಮತ್ತು ‘ಬಂದಾನ’ಗಳ ಅಂತರವನ್ನು ಉಳಿಸಿಕೊಂಡಿದ್ದಾರೆಯೇ? ಬಂಗಾಳಿಯಲ್ಲಿ ‘ಎಶೇಛೆ’ ಎಂದರೆ ಬಂದಿದ್ದಾನೆ, ನಿಷೇಧದಲ್ಲಿ ಅದು ‘ಆಶೇನಿ’ ಆಗಿ ಪೂರ್ಣತೆಯ ಗುರುತನ್ನು ಕಳೆದುಕೊಳ್ಳುತ್ತದೆ. ಅಂದರೆ ನಿಷೇಧ ಬಂದಾಗ ಕ್ರಿಯಾರೂಪವೇ ಬದಲಾಗುವ ಗುಣ ಕನ್ನಡಕ್ಕೂ ಬಂಗಾಳಿಗೂ ತಮ್ಮ ತಮ್ಮ ದಾರಿಯಲ್ಲಿ ಇದೆ. ಎರಡೂ ಒಂದೇ ತಾಲ್ಲೂಕಿನಲ್ಲಿ, ಬಸ್ಸು ಹತ್ತಿ ಹೋಗಿ ಕೇಳಿಬರುವಷ್ಟು ದೂರದಲ್ಲಿ ಸಿಗುವುದು ಎಲ್ಲರಿಗೂ ಒದಗುವ ಭಾಗ್ಯವಲ್ಲ.

ಕೇಳುವ ಕ್ರಮದ ಬಗ್ಗೆ ಎಚ್ಚರ ಬೇಕು. ನೀವು ಉಪನ್ಯಾಸಕಿ. ‘ಈ ವಾಕ್ಯ ಸರಿಯೇ?’ ಎಂದು ವಿದ್ಯಾರ್ಥಿಯನ್ನು ಕೇಳಿದರೆ ಅವನು ಪಠ್ಯಪುಸ್ತಕವನ್ನು ನೆನೆಸಿಕೊಂಡು ಉತ್ತರಿಸುತ್ತಾನೆ. ಸನ್ನಿವೇಶ ಕಟ್ಟಿಕೊಡಿ: ‘ನಿಮ್ಮ ಮಾವ ನಿನ್ನೆ ಮಧ್ಯಾಹ್ನ ಮಾನ್ವಿಯಿಂದ ಬಂದರು, ರಾತ್ರಿಯ ಬಸ್ಸಿಗೆ ವಾಪಸು ಹೋದರು. ಇವತ್ತು ಅಜ್ಜಿಗೆ ಫೋನಿನಲ್ಲಿ ಹೇಗೆ ಹೇಳುತ್ತೀಯಾ?’ ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಮನೆಮಾತಿನ ಜನರನ್ನು ಕೇಳಿ. ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿಕೊಳ್ಳಿ. ಮುಖ್ಯವಾಗಿ ಅವರು ಏನನ್ನು ಹೇಳುವುದೇ ಇಲ್ಲ ಎಂಬುದನ್ನು ಬರೆದಿಡಿ. ಕೇಶಿರಾಜನ ದಾರಿಯಲ್ಲಿ ಪ್ರಯೋಗದಲ್ಲಿ ಇರುವುದಕ್ಕೆ ಸೂತ್ರ ಬರೆಯುತ್ತೇವೆ. ಇಲ್ಲಿ ಇಲ್ಲದ್ದಕ್ಕೂ ಅಷ್ಟೇ ತೂಕ. ಯಾರೂ ಆಡದ ವಾಕ್ಯದ ಮುಂದೆ ಒಂದು ನಕ್ಷತ್ರ ಚಿಹ್ನೆ ಇಡುತ್ತಾರೆ. ನಕ್ಷತ್ರವಿಲ್ಲದ ಪ್ರಬಂಧವನ್ನು ಈ ಜನ ನಂಬುವುದಿಲ್ಲ.

ಸಾರಲೇಖ ಸಾಮಾನ್ಯವಾಗಿ ಒಂದು ಅಥವಾ ಎರಡು ಪುಟ. ಹೆಸರು, ಕಾಲೇಜು ಎಲ್ಲೂ ಇರಬಾರದು, ಕಂಪ್ಯೂಟರ್ ಕಡತದ ಗುಣಲಕ್ಷಣಗಳಲ್ಲೂ ಅಳಿಸಿರಬೇಕು. ಪರಿಶೀಲಕರು ನಿಮ್ಮನ್ನು ಕಾಣದೆ ವಾಕ್ಯಗಳನ್ನಷ್ಟೇ ತೂಗುತ್ತಾರೆ, ಸಿಂಧನೂರೋ ಸ್ಟ್ಯಾನ್‌ಫರ್ಡೋ ಅವರಿಗೆ ತಿಳಿಯದು. ‘ಭಾಷೆ ಮಾನವನ ಅಮೂಲ್ಯ ಕೊಡುಗೆ’ ಎಂದು ಶುರು ಮಾಡಬೇಡಿ. ಮೊದಲ ಪ್ಯಾರಾದಲ್ಲೇ ಒಗಟು, ಅದರ ಕೆಳಗೆ ಉದಾಹರಣೆಗಳು, ನಂತರ ಇಲ್ಲಿಯವರೆಗಿನ ವಿವರಣೆ ಎಲ್ಲಿ ಸಾಲದು, ಕೊನೆಗೆ ನಿಮ್ಮ ಉತ್ತರ. ಪ್ರತಿ ಉದಾಹರಣೆಗೆ ಮೂರು ಸಾಲು: ಲಿಪ್ಯಂತರಿಸಿದ ವಾಕ್ಯ, ಅದರ ಕೆಳಗೆ ಪ್ರತ್ಯಯ ಪ್ರತ್ಯಯಕ್ಕೂ ಅರ್ಥ, ಮೂರನೆಯದು ಅನುವಾದ. ಇದಕ್ಕೆ ಲೈಪ್‌ಜಿಗ್ ನಿಯಮಗಳು ಎಂಬ ಸರ್ವಮಾನ್ಯ ಪದ್ಧತಿ ಇದೆ, ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಮರ ಬಿಡಿಸಲೇಬೇಕೆಂದಿಲ್ಲ. ಟೈಪಾಲಜಿಯವರಂತೂ ಕೇಳುವುದೇ ಇಲ್ಲ. ಇನ್ನೊಂದು ಕವಲಿನವರ ಮುಂದೆ ಹೋಗುವುದಾದರೆ ಮರ ಬಲ್ಲ ಒಬ್ಬರನ್ನು ಜೊತೆಗಾರರಾಗಿ ಸೇರಿಸಿಕೊಳ್ಳಿ. ಜಂಟಿ ಪ್ರಬಂಧ ಅಲ್ಲಿ ಮಾಮೂಲು.

ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಬಂದರೆ, ಹೆಸರು ದೊಡ್ಡದೆಂದು ಮೊದಲೇ ಚಾಮ್‌ಸ್ಕಿ ಹಾದಿಯವರ ಯುರೋಪಿನ ಸಂಘವಾದ ಗ್ಲೋದ ಸಭೆಗೆ ಗುರಿ ಇಡಬೇಡಿ. 1977ರಲ್ಲಿ ಹುಟ್ಟಿದ ಈ ಸಂಘದ ಏಷ್ಯಾ ಆವೃತ್ತಿ 2009ರಲ್ಲಿ ಹೈದರಾಬಾದಿನಲ್ಲೇ ನಡೆದಿತ್ತು, ಹಾಗೆ ಹತ್ತಿರ ಬಂದಾಗ ಬಿಡಬಾರದು. ದಕ್ಷಿಣ ಏಷ್ಯಾದ ಭಾಷೆಗಳಿಗೆಂದೇ ಇರುವ ಸಾಲಾ, 2011ರಲ್ಲಿ ಅಮೆರಿಕದ ಆಮ್‌ಹರ್ಸ್ಟ್‌ನಲ್ಲಿ ಆರಂಭವಾದ ಫಸಾಲ್ ಎಂಬ ಸಮ್ಮೇಳನಗಳು ನಿಮ್ಮ ವಿಷಯಕ್ಕೆ ಚೆನ್ನಾಗಿ ಒಪ್ಪುತ್ತವೆ. ಮೊದಲ ಹೆಜ್ಜೆಗೆ ಭಾರತದವೇ ಸಾಕು. 1928ರಲ್ಲಿ ಲಾಹೋರಿನಲ್ಲಿ ಸ್ಥಾಪನೆಯಾಗಿ ಈಗ ಪುಣೆಯಲ್ಲಿ ನೆಲೆ ಇರುವ ಭಾರತೀಯ ಭಾಷಾವಿಜ್ಞಾನ ಸಂಘ, 1971ರಿಂದ ತಿರುವನಂತಪುರದಿಂದ ಕೆಲಸ ಮಾಡುತ್ತಿರುವ ದ್ರಾವಿಡ ಭಾಷಾವಿಜ್ಞಾನ ಸಂಘ, ಎರಡೂ ಸಮ್ಮೇಳನ ನಡೆಸುತ್ತವೆ. ಓದಿಗೆ, ಗುರುಗಳಿಗೆ, ಗ್ರಂಥಾಲಯಕ್ಕೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವೂ ಇವೆ. ಆದರೆ ರಾಯಚೂರಿನವರು ಬೆಂಗಳೂರಿನತ್ತ ಮುಖ ಮಾಡಿ ಕೂರುವುದು ನನಗೆ ಅರ್ಥವಾಗುವುದಿಲ್ಲ. ಹೈದರಾಬಾದ್ ಹತ್ತಿರ. ಉಸ್ಮಾನಿಯಾ, ಹೈದರಾಬಾದ್ ವಿಶ್ವವಿದ್ಯಾಲಯ, ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ), ಹೀಗೆ ಮೂರು ಕಡೆ ಭಾಷಾವಿಜ್ಞಾನ ಇರುವ ಊರು ಅದು.

ಸಮ್ಮೇಳನದ ದಿನ ದೀಪ ಬೆಳಗಿಸುವುದು, ನಾಲ್ವರ ಅಧ್ಯಕ್ಷೀಯ ನುಡಿ, ವಂದನಾರ್ಪಣೆಯಲ್ಲಿ ಹನ್ನೆರಡು ಗಂಟೆಯಾಗುವ ಪದ್ಧತಿ ಅಲ್ಲಿ ಕಡಿಮೆ. ಸಾಮಾನ್ಯವಾಗಿ ಇಪ್ಪತ್ತು ನಿಮಿಷ ಮಂಡನೆ, ಹತ್ತು ನಿಮಿಷ ಪ್ರಶ್ನೆ. ಇಪ್ಪತ್ತು ಮುಗಿದರೆ ಮಧ್ಯದ ವಾಕ್ಯದಲ್ಲೇ ನಿಲ್ಲಿಸುತ್ತಾರೆ. ಉದಾಹರಣೆಗಳನ್ನು ಮುದ್ರಿಸಿ ಹಂಚಿ, ಜನ ಅದನ್ನು ಇಟ್ಟುಕೊಂಡು ಓದುತ್ತಾರೆ. ‘ಬಂದಾನ ಎಂಬುದು ಬಂದಿದ್ದಾನೆಯ ಮೊಟಕು ರೂಪ, ಅದರಲ್ಲೇನಿದೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಬಂದಿದ್ದಾನೆ’ಯನ್ನು ‘ಬಂದೇ ಇದ್ದಾನೆ’ ಎಂದು ಬಿಡಿಸಬಹುದು. ‘ಬಂದಾನ’ವನ್ನು ಹಾಗೆ ಬಿಡಿಸಬಹುದೇ ಎಂದು ಊರಲ್ಲೇ ಪರೀಕ್ಷಿಸಿ ಉತ್ತರ ಸಿದ್ಧವಿಟ್ಟುಕೊಳ್ಳಿ. ಪ್ರಶ್ನೆಗಳು ಒರಟಾಗಿ ಕೇಳಬಹುದು, ಅವು ನಿಮ್ಮ ಮೇಲಲ್ಲ, ವಾಕ್ಯದ ಮೇಲೆ. ಇಂಗ್ಲಿಷಿನ ಬಗ್ಗೆ ಇಷ್ಟೇ ಹೇಳುತ್ತೇನೆ: ಅಲ್ಲಿ ಕೂತ ಜಪಾನಿ, ಕೊರಿಯನ್, ಇಟಾಲಿಯನ್ ವಿದ್ವಾಂಸರ ಇಂಗ್ಲಿಷೂ ಹುಟ್ಟುಮಾತಲ್ಲ. ಪೋಸ್ಟರ್ ಗೋಷ್ಠಿಯನ್ನು ಕೇಳಿ ಪಡೆಯಿರಿ. ಭಿತ್ತಿಚಿತ್ರದ ಮುಂದೆ ನಿಂತು ಒಬ್ಬೊಬ್ಬರಿಗೆ ವಿವರಿಸುವುದು ವೇದಿಕೆಗಿಂತ ಸುಲಭ, ಪ್ರಯೋಜನವೂ ಹೆಚ್ಚು.

ಹಣ ಕಟ್ಟಿ ಪ್ರಮಾಣಪತ್ರ ತರುವ ಸಮ್ಮೇಳನಗಳ ವಿಚಾರ. ಬಡ್ತಿಗೂ ನೇಮಕಾತಿಗೂ ಅಂಕಗಳ ಲೆಕ್ಕ ಬಂದ ಮೇಲೆ ಇವು ಅಣಬೆಯಂತೆ ಎದ್ದಿವೆ. ಗುರುತಿಸುವುದು ಕಷ್ಟವಲ್ಲ. ಸಾಹಿತ್ಯ, ವಾಣಿಜ್ಯ, ನರ್ಸಿಂಗ್, ಯೋಗ ಎಲ್ಲಕ್ಕೂ ಒಂದೇ ಆಹ್ವಾನ, ಕಳುಹಿಸಿದ ಮರುದಿನವೇ ಸ್ವೀಕಾರ, ಪರಿಶೀಲನೆಗೆ ಮುಂಚೆಯೇ ಶುಲ್ಕ, ಬಾರದವರಿಗೂ ಪ್ರಮಾಣಪತ್ರ. ಅತಿಥಿ ಉಪನ್ಯಾಸಕರ ಗೌರವಧನ ಎಷ್ಟು, ಅದು ಯಾವಾಗ ಕೈಸೇರುತ್ತದೆ ಎಂಬುದು ನನಗೆ ತಿಳಿದ ವಿಷಯವೇ. ಆ ಹಣವನ್ನು ಇಂಥಲ್ಲಿ ಸುರಿಯಬೇಡಿ. ನಿಜವಾದ ಸಮ್ಮೇಳನಗಳು ಸಾರಲೇಖ ಒಪ್ಪಿಗೆಯಾದ ಮೇಲೆಯೇ ಶುಲ್ಕ ಕೇಳುತ್ತವೆ, ವಿದ್ಯಾರ್ಥಿಗಳಿಗೂ ಕಾಯಂ ಕೆಲಸವಿಲ್ಲದವರಿಗೂ ಹಲವೆಡೆ ರಿಯಾಯಿತಿ ಇರುತ್ತದೆ. ಪ್ರಕಟಣೆಯಲ್ಲಿ ಆ ಸಾಲು ಕಾಣದಿದ್ದರೆ ಸಂಘಟಕರಿಗೆ ಬರೆದು ಕೇಳಿ, ಸಂಕೋಚ ಬೇಡ. ಆನ್‌ಲೈನ್ ಮಂಡನೆಗೆ ಅವಕಾಶವಿದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ವಿಚಾರಿಸಿ.

ತಿರಸ್ಕೃತವಾದರೆ ಸಾಮಾನ್ಯವಾಗಿ ಪರಿಶೀಲಕರ ಟಿಪ್ಪಣಿಗಳು ಬರುತ್ತವೆ. ಅವನ್ನು ಉಳಿಸಿಕೊಂಡು, ವಾಕ್ಯಗಳನ್ನು ತಿದ್ದಿಕೊಂಡು ಮುಂದಿನ ಸಭೆಗೆ ಕಳುಹಿಸಿ. ಅದಕ್ಕೂ ಮುಂಚೆ, ಈ ತಿಂಗಳು ‘ನಿನ್ನೆ’ಯ ಪರೀಕ್ಷೆಯನ್ನು ಕನ್ನಡ ಮನೆಮಾತಿನವರಿಗೂ ತೆಲುಗು ಮನೆಮಾತಿನವರಿಗೂ ಒಂದೇ ಸನ್ನಿವೇಶಗಳನ್ನು ಕೊಟ್ಟು ಮಾಡಿ ನೋಡಿ. ಇಬ್ಬರ ಉತ್ತರಗಳಲ್ಲಿ ಅಂತರ ಕಂಡರೆ ಶೀರ್ಷಿಕೆ ತಾನಾಗಿ ಹೊಳೆಯುತ್ತದೆ. ಕಾಣದಿದ್ದರೆ ಬಂಗಾಳಿ ಕ್ಯಾಂಪಿಗೆ ಹೋಗಿ ‘ಆಶೇನಿ’ಯಿಂದ ಶುರು ಮಾಡಿ.